ಕರೇಕಲ್ಲು ಸ್ಟೇಷನ್ನಿನ ಬೆಂಚು

ಮಗಳು ಹೆರಿಗೆಗೆ ಬರುವ ದಿನ ಹತ್ತಿರವಾದಾಗ, ಒಂದು ಮಧ್ಯಾಹ್ನ ಮಲ್ಲಿಕಾಂಬ ಗಂಡನ ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಡದೆ ಸೌಟು ಹಿಡಿದುಕೊಂಡೇ ನಿಂತಳು.

“ಆ ರೈಲು ಯಾವಾಗ ಎತ್ತೀರಿ?”

“ಸಾರು ಬಿಡು,” ಎಂದ ಓಂಕಾರೇಶ್.

“ಮೊದ್ಲು ಹೇಳ್ರಿ. ಅಶ್ವಿನಿ ಬಂದ್ರೆ ಎಲ್ಲಿ ಮಲಗಿಸ್ಲಿ? ಗಾಳಿ ನುಗ್ಗದ ಕೋಣೆ ಅಂತ ಮನೇಲಿರೋದು ಅದೊಂದೇ. ಬಚ್ಚಲು ಪಕ್ಕದಲ್ಲೇ ಐತೆ, ಬಾಣಂತಿಗೆ ನೀರು ಹಾಕೋಕೆ ಅನುಕೂಲ. ನೀವು ನೋಡಿದ್ರೆ ಅಲ್ಲಿ ಸ್ಟೇಷನ್ ಕಟ್ಕೊಂಡು ಕೂತಿದೀರ.”

“ನೋಡಾನ ಕಣೇ.”

“ಯುಗಾದಿಯಿಂದ ನೋಡ್ತಾನೇ ಇದೀರ.”

ಗೋಡೆಗೆ ಒರಗಿ ಊಟಕ್ಕೆ ಕೂತಿದ್ದ ಅತ್ತೆ ಗುರುಶಾಂತಮ್ಮ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು. “ಎತ್ತಿಸೇ ಮಲ್ಲಿ. ಇವತ್ತೇ ಎತ್ತಿಸು ಅದನ್ನ.”

ಅತ್ತೆ ಸೊಸೆಯ ಪರವಾಗಿ ಮಾತಾಡುವುದೇ ಅಪರೂಪ. ಮಲ್ಲಿಕಾಂಬ ಆಶ್ಚರ್ಯದಿಂದ ಸಾರು ಬಿಟ್ಟುಬಿಟ್ಟಳು. ಓಂಕಾರೇಶ್ ಉಂಡು, ಕೈ ತೊಳೆದು, ಯಾರ ಮುಖವನ್ನೂ ನೋಡದೆ ಆ ಕೋಣೆಗೇ ಹೋದ.

ಅಜ್ಜಂಪುರದಲ್ಲಿ ಓಂಕಾರೇಶನ ಮೋಟಾರ್ ವೈಂಡಿಂಗ್ ಅಂಗಡಿ ಎಂದರೆ ಸುತ್ತಲ ಈರುಳ್ಳಿ ಬೆಳೆಯುವ ಊರುಗಳಿಗೆಲ್ಲ ಗೊತ್ತು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದರಲ್ಲಿ ಅವನ ಕೈ ಬಲು ನಯ. ಆ ನಯವೇ ನಾಲ್ಕು ವರ್ಷದ ಹಿಂದೆ ಪುಟ್ಟ ರೈಲಿನ ಕಡೆ ತಿರುಗಿತು. ಎಂಜಿನ್ನು ಮತ್ತು ಹಳಿ ಮಾತ್ರ ಕೊಂಡದ್ದು. ಉಳಿದದ್ದೆಲ್ಲ ಅವನೇ ಮಾಡಿದ್ದು. ಮೊದಲು ಒಂದು ಸೇತುವೆ, ಆಮೇಲೆ ನೀರಿನ ಟ್ಯಾಂಕು, ಆಮೇಲೆ ಕರೇಕಲ್ಲು ಸ್ಟೇಷನ್ನು.

ಕರೇಕಲ್ಲು ಅವನ ತಂದೆ ಗಂಗಾಧರಯ್ಯನವರ ಊರು. ಅಜ್ಜಂಪುರಕ್ಕೂ ಬೀರೂರಿಗೂ ನಡುವೆ, ಹಿಂದೆ ಅಲ್ಲೊಂದು ಸಣ್ಣ ಸ್ಟೇಷನ್ ಇತ್ತು. ಮೀಟರ್ ಗೇಜಿನ ಕಾಲದಲ್ಲೇ ಅದನ್ನು ಮುಚ್ಚಿ, ಕಲ್ಲು, ಮರ, ಹೆಂಚನ್ನೆಲ್ಲ ಹರಾಜು ಹಾಕಿದ್ದರು. ಓಂಕಾರೇಶ್ ಬುದ್ಧಿ ತಿಳಿದು ಆ ದಾರಿಯಲ್ಲಿ ಓಡಾಡುವ ಹೊತ್ತಿಗೆ ಅಲ್ಲಿ ಲಂಟಾನದ ಪೊದೆ ಬಿಟ್ಟು ಬೇರೇನೂ ಇರಲಿಲ್ಲ. “ನಾವು ಆ ಊರು ಬಿಟ್ಟಾಗ ನೀನು ಇನ್ನೂ ಮೊಲೆ ಕುಡಿಯೋ ಮಗು,” ಎಂದು ತಂದೆ ಬದುಕಿರುವಷ್ಟು ದಿನವೂ ಹೇಳುತ್ತಿದ್ದರು. ಅವನ ಹತ್ತಿರ ಇದ್ದದ್ದು ಯಾರೋ ಕೊಟ್ಟ ಒಂದೇ ಫೋಟೊ. ಅದರಲ್ಲಿ ಕಾಣುತ್ತಿದ್ದದ್ದು ಕಟ್ಟಡದ ಮುಂಭಾಗ ಮಾತ್ರ.

ಆ ಒಂದು ಫೋಟೊ ಇಟ್ಟುಕೊಂಡು ಅವನು ಕಟ್ಟಿದ ಸ್ಟೇಷನ್ನನ್ನು ನೋಡಿದವರು ದಂಗಾಗುತ್ತಿದ್ದರು. ಅಕ್ಕಿಕಾಳಿಗಿಂತ ತುಸು ದೊಡ್ಡ ಹೆಂಚುಗಳನ್ನು ಜೇಡಿಮಣ್ಣಿನಲ್ಲಿ ಒತ್ತಿ ಸುಟ್ಟಿದ್ದ. ಸೈಕಲ್ ಕಡ್ಡಿಯಿಂದ ಕಿಟಕಿ ಸರಳು, ಹಾಳಾದ ಗಡಿಯಾರದ ಚಕ್ರದಿಂದ ತೂಕದ ಯಂತ್ರ. ವೇಟಿಂಗ್ ರೂಮಿನ ಒಳಗೆ, ಹೊರಗಿನಿಂದ ಯಾರಿಗೂ ಕಾಣದ ಕಡೆ, ಒಂದು ಬೆಂಚು. ಆ ಬೆಂಚಿನ ಅಡಿಯಲ್ಲಿ ಬೆಕ್ಕಿಗೆ ಹಾಲು ಹಾಕುವ ಸಣ್ಣ ಮಣ್ಣಿನ ಚಿಪ್ಪು. ಗೋಡೆಯ ಬುಡದಲ್ಲಿ ಸುಣ್ಣ ಎದ್ದುಹೋದ ಒಂದು ಕಲೆ. ನೋಡಿದರೆ ಕತ್ತೆಯ ತಲೆಯಂತೆ.

“ಇದೆಲ್ಲ ಫೋಟೋದಲ್ಲಿ ಎಲ್ಲೈತೆ?” ಎಂದು ಮಲ್ಲಿಕಾಂಬ ಒಮ್ಮೆ ಕೇಳಿದ್ದಳು.

“ಅಂದಾಜಿನ ಮೇಲೆ ಮಾಡ್ದೆ.”

“ಕತ್ತೆ ತಲೆಗೂ ಅಂದಾಜು ಇರುತ್ತಾ?”

ಅವನು ನಕ್ಕಿದ್ದ. ಆದರೆ ಅವನ ಅಂದಾಜಿನಲ್ಲಿ ಒಂದು ವಿಚಿತ್ರವಿತ್ತು. ಕೆಳಗಿನದೆಲ್ಲ ಒಂದೇ ಸಲಕ್ಕೆ ಆಗುತ್ತಿತ್ತು. ಬಾಗಿಲಿನ ಕೆಳತುದಿ, ಬೆಂಚಿನ ಕಾಲು, ನೆಲದ ಕಲ್ಲಿನ ಬಿರುಕು, ಇವುಗಳನ್ನು ಮಾಡುವಾಗ ಅವನು ಯೋಚಿಸುತ್ತಲೇ ಇರಲಿಲ್ಲ. ಛಾವಣಿಯ ಒಳಮಾಡು, ತೊಲೆ, ಗೋಡೆಯ ಮೇಲ್ಭಾಗ ಬಂದರೆ ಸಾಕು, ಕೈ ನಿಂತುಬಿಡುತ್ತಿತ್ತು. ಕಟ್ಟುವುದು, ಕೀಳುವುದು, ಮತ್ತೆ ಕಟ್ಟುವುದು.

ಅಶ್ವಿನಿ ತರೀಕೆರೆಯ ಗಂಡನ ಮನೆಯಿಂದ ಬಂದಾಗ ಕೋಣೆ ಖಾಲಿಯಾಗಿರಲಿಲ್ಲ. ನಡುಮನೆಯಲ್ಲಿ ಮಂಚ ಹಾಕಿದರು. ಎಂಟು ತಿಂಗಳ ಬಸುರಿ ಮಗ್ಗುಲು ಬದಲಿಸಿದಾಗಲೆಲ್ಲ ಮಂಚ ಕಿರುಗುಟ್ಟುತ್ತಿತ್ತು. ಅಡುಗೆಮನೆಯಲ್ಲಿ ಮಲ್ಲಿಕಾಂಬ ಪಾತ್ರೆ ಕುಕ್ಕುವ ಸದ್ದು ದಿನೇದಿನೇ ಜೋರಾಯಿತು.

“ಅಪ್ಪಾ, ನಿಮ್ಮ ಮೊಮ್ಮಗು ಪ್ಲಾಟ್‌ಫಾರಮ್ಮಲ್ಲೇ ಹುಟ್ಟುತ್ತೆ ಬಿಡಿ,” ಎಂದಳು ಅಶ್ವಿನಿ ರೊಟ್ಟಿ ಮುರಿಯುತ್ತ.

“ಇನ್ನೊಂದು ವಾರ ಕಣಮ್ಮ. ಮಾಡು ಒಂದು ಮುಗಿದ್ರೆ ಆಯ್ತು.”

“ನಾಕು ವರ್ಷದಿಂದ ಮುಗೀದೇ ಇರೋ ಮಾಡು ಒಂದು ವಾರದಲ್ಲಿ ಮುಗಿಯುತ್ತಾ?” ಮಲ್ಲಿಕಾಂಬ ಒಲೆಯ ಮುಂದಿನಿಂದಲೇ ಕೂಗಿದಳು. “ಇವಳ ಗಂಡನ ಮನೆಯೋರು ಬಂದು ನೋಡಿದ್ರೆ ಏನಂತಾರೆ? ಹೆಣ್ಣುಮಗಳಿಗೆ ಕೋಣೆ ಇಲ್ಲ, ಆಟದ ಸಾಮಾನಿಗೆ ಕೋಣೆ ಐತೆ ಅಂತಾರೆ!”

“ಆಟದ ಸಾಮಾನು ಅನ್ಬ್ಯಾಡ!”

ಅಷ್ಟು ಜೋರಾಗಿ ಅವನು ಎಂದೂ ಕೂಗಿದವನಲ್ಲ. ಅಶ್ವಿನಿ ರೊಟ್ಟಿ ಕೈಯಲ್ಲೇ ಹಿಡಿದು ಅಪ್ಪನನ್ನು ನೋಡಿದಳು. ಅವನಿಗೂ ನಾಚಿಕೆಯಾಗಿರಬೇಕು, ಚಟ್ನಿ ಹಾಕಿಸಿಕೊಳ್ಳದೆ ಎದ್ದ.

ಆ ವಾರದಲ್ಲೇ ಅಶ್ವಿನಿ ತಾಯಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದು: “ಅಮ್ಮಾ, ಆ ಬೊಂಬೆ ನೋಡಿದ್ಯಾ? ಹಸಿರು ಸೀರೆದು?”

ಸ್ಟೇಷನ್ನಿನಲ್ಲಿ ಬೊಂಬೆಗಳು ಬಹಳ ಇರಲಿಲ್ಲ. ಟೋಪಿಯ ಸ್ಟೇಷನ್ ಮಾಸ್ಟರು, ಹೂಮಾರುವವಳು, ಗಂಟುಮೂಟೆಯ ಗಂಡಹೆಂಡತಿ. ಹಸಿರು ಸೀರೆಯವಳು ಮಾತ್ರ ಬೇರೆ. ಅವಳಿಗೆ ಜಡೆ ಇತ್ತು, ಸೀರೆಗೆ ನೆರಿಗೆ ಇತ್ತು, ಮುಖ ಇರಲಿಲ್ಲ. ಪ್ಲಾಟ್‌ಫಾರಮ್ಮು ಮುಗಿದು ಇಳಿಜಾರಾಗುವ ಕಡೆ, ಹಳಿಗಳ ನಡುವೆ, ಬೆನ್ನು ಹಾಕಿ ನಿಂತಿದ್ದಳು.

“ನಾನು ಅದನ್ನ ಬೆಂಚಿನ ಹತ್ರ ಇಟ್ಟೆ. ಹಳಿ ಮೇಲೆ ಯಾಕೆ ನಿಲ್ಲಿಸ್ತಾರೆ ಪಾಪ ಅಂತ. ಬೆಳಿಗ್ಗೆ ನೋಡಿದ್ರೆ ಮತ್ತೆ ಹಳಿ ಮೇಲೇ ಇತ್ತು.”

“ನಿಮ್ಮಪ್ಪ ಇಟ್ಟಿರ್ತಾರೆ.”

“ಕೇಳ್ದೆ. ಮುಟ್ಟಿಲ್ಲ ಅಂದ್ರು. ಆಣೆ ಮಾಡಿದ್ರು.”

ಮಲ್ಲಿಕಾಂಬ ನಂಬಲಿಲ್ಲ. ಆದರೆ ಕಸ ಹೊಡೆಯಲು ಹೋದಾಗ ತಾನೂ ಆ ಬೊಂಬೆಯನ್ನು ತೆಗೆದು ಟಿಕೆಟ್ ಕಿಟಕಿಯ ಮುಂದೆ ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿ, ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ಓಂಕಾರೇಶ್ ಅಂಗಡಿಯಿಂದ ಊಟಕ್ಕೆ ಬಂದು, ಕೈ ಒಡ್ಡಿ ಬೀಗದಕೈ ಇಸಿದುಕೊಂಡು ಒಳಗೆ ಹೋದ. ಊಟಕ್ಕೆ ಕರೆದರೂ ಬರಲಿಲ್ಲ. ಹೋಗಿ ನೋಡಿದಳು.

ಅವನು ಮೊಣಕಾಲೂರಿ ಕೂತು, ಕೆನ್ನೆಯನ್ನು ಹಲಗೆಯ ಮೇಲೆ, ಸ್ಟೇಷನ್ನಿನ ನೆಲಕ್ಕೆ ಸಮನಾಗಿ ಇಟ್ಟಿದ್ದ. ಕಣ್ಣು ತೆರೆದೇ ಇದ್ದವು. ಬಲಗೈ ಹಸಿರು ಸೀರೆಯವಳನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಮೆಲ್ಲಗೆ, ನಡೆಸಿದ ಹಾಗೆ, ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಸಾಗಿಸುತ್ತಿತ್ತು. ಇಳಿಜಾರು ದಾಟಿ ಹಳಿಯ ಮೇಲೆ ಬಂದಾಗ ಕೈ ನಿಂತಿತು. ಆಗ ಅವನ ಬಾಯಿಂದ ಒಂದು ಮಾತು ಬಂತು. ಮೀಸೆ ನರೆತ ಗಂಡಸಿನ ಬಾಯಲ್ಲಿ ಪುಟ್ಟ ಮಗುವಿನ ದನಿ.

“ಅತ್ತೇ... ನೀರು...”

ಮಲ್ಲಿಕಾಂಬ “ಏನ್ರೀ?” ಎಂದು ಹೆಗಲು ಹಿಡಿದು ಅಲ್ಲಾಡಿಸಿದಳು. ಅವನು ತಲೆ ಎತ್ತಿ, ಕಣ್ಣುಜ್ಜಿಕೊಂಡು, “ಊಟ ಆಯ್ತಾ? ಬಂದೆ ನಡಿ,” ಎಂದ. ಬೊಂಬೆಯ ಕಡೆ ನೋಡಿ, “ಇದನ್ಯಾಕೆ ಮತ್ತೆ ಮುಟ್ಟಿದೆ ನೀನು?” ಎಂದು ಅವಳನ್ನೇ ಗದರಿದ.

ತಾಯಿಯನ್ನು ಅವನು ಕರೆಯುವುದು ಅವ್ವ ಎಂದು. ಹೆಂಡತಿಯ ತಾಯಿಯನ್ನೂ ಅಮ್ಮ ಎಂದೇ ಕರೆದವನು. ಅತ್ತೆ ಎಂದು ಕರೆಯಲು ತಂದೆಯ ಅಕ್ಕತಂಗಿಯರು ಬೇಕು. ಗಂಗಾಧರಯ್ಯನವರಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅವಳು ಕೇಳಿಕೊಂಡು ಬಂದದ್ದು ಹಾಗೆಯೇ.

ಅವಳು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನು? ಸಂಜೆ ಅಲಸಂದೆಕಾಯಿ ಬಿಡಿಸುತ್ತ ಕೂತಾಗ ಅತ್ತೆ ತಟ್ಟನೆ ತಲೆ ಎತ್ತಿದರು.

“ಗಂಟೆ ಹೊಡೆದ್ರಲ್ಲ.”

“ಯಾವ ಗಂಟೆ ಅತ್ತೆ?”

“ಹಳಿ ತುಂಡಿನ ಗಂಟೆ. ರೈಲು ಹಿಂದಿನ ಸ್ಟೇಷನ್ ಬಿಟ್ರೆ ಹೊಡೀತಾರಲ್ಲ, ಅದು.”

ಓಂಕಾರೇಶ್ ಅಂಗಡಿಯಲ್ಲಿದ್ದ. ಕೋಣೆಗೆ ಬೀಗ ಹಾಕಿತ್ತು. ಅವನ ಸ್ಟೇಷನ್ನಿನಲ್ಲಿ ಗಂಟೆಯೇ ಇರಲಿಲ್ಲ. ಮಲ್ಲಿಕಾಂಬ ಅಲಸಂದೆಕಾಯಿಯ ಮೊರವನ್ನು ಮಡಿಲಿನಿಂದ ಕೆಳಗಿಟ್ಟು, ಎದ್ದು ಹೋಗಿ ದೀಪ ಹಚ್ಚಿದಳು.

ಓಂಕಾರೇಶನಂಥ ಪುಟ್ಟ ರೈಲಿನ ಹುಚ್ಚಿನವರದೊಂದು ವಾಟ್ಸಾಪ್ ಗುಂಪಿತ್ತು. ಹುಬ್ಬಳ್ಳಿಯಿಂದ ಮೈಸೂರಿನವರೆಗೂ ಅದರಲ್ಲಿ ಜನ. ‘ನೀವು ಕಟ್ಟಿದ್ದರಲ್ಲಿ ನಿಮಗೆ ಬಹಳ ಹೆಮ್ಮೆಯದು ಯಾವುದು?’ ಎಂದು ಯಾರೋ ಅದರಲ್ಲಿ ಕೇಳಿದ್ದರು. ಒಬ್ಬರು ಬೆಂಕಿಕಡ್ಡಿಯಲ್ಲಿ ಕಟ್ಟಿದ ಘಾಟಿಯ ಸೇತುವೆ ಹಾಕಿದರು. ಇನ್ನೊಬ್ಬರು ಎಂಜಿನ್ನನ್ನು ಹೊತ್ತು ತಿರುಗುವ ಚಕ್ರಮಣೆಯ ವಿಡಿಯೊ ಹಾಕಿದರು. ಓಂಕಾರೇಶ್ ಹೊರಗಿನ ಗೋಡೆಯನ್ನು ಕಳಚಿಟ್ಟು, ವೇಟಿಂಗ್ ರೂಮಿನ ಒಳಗಿನ ಫೋಟೊ ಹಾಕಿದ. ಬೆಂಚು, ಬೆಕ್ಕಿನ ಚಿಪ್ಪು, ಕತ್ತೆಯ ತಲೆ.

ಆ ಭಾನುವಾರ ಕಡೂರಿನಿಂದ ಒಬ್ಬರು ಬೈಕಿನಲ್ಲಿ ಬಂದರು. ಹೆಸರು ಕಾಂತರಾಜು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಅದೇ ಗುಂಪಿನವರು. ಮಲ್ಲಿಕಾಂಬ ಕಾಫಿ ತರುವಷ್ಟರಲ್ಲಿ ಅವರು ಕೋಣೆಯಲ್ಲಿ ಬಗ್ಗಿ ನಿಂತು ಬೆಂಚಿನ ಅಡಿಯನ್ನೇ ನೋಡುತ್ತಿದ್ದರು.

“ಸಾರ್, ಈ ಚಿಪ್ಪು ನಿಮಗೆ ಯಾರು ಹೇಳಿದ್ರು?”

“ಯಾರೂ ಇಲ್ಲ. ಸುಮ್ನೆ ಇಟ್ಟೆ.”

“ನಮ್ಮವ್ವ ಇಡ್ತಿದ್ಲು ಸಾರ್ ಅದನ್ನ. ನಮ್ಮಪ್ಪ ಅಲ್ಲಿ ಹಳಿ ಬದಲಿಸೋ ಪಾಯಿಂಟ್ಸ್‌ಮನ್ ಆಗಿದ್ರು, ಹಿಂದುಗಡೆ ಕ್ವಾರ್ಟ್ರಸ್ಸಲ್ಲಿದ್ರಂತೆ. ನಾನು ಹುಟ್ಟೋಕೆ ಮುಂಚೆ. ನಿಮ್ಮ ಫೋಟೊ ತೋರಿಸಿದ್ದಕ್ಕೆ ಅವ್ವ ಮೊಬೈಲ್ ಕೆಳಗೆ ಬೀಳಿಸ್ಬಿಟ್ಲು. ಯಾರು ಇವ್ರು, ಗಂಗಾಧರಯ್ಯನ ಮಗನಾ ಅಂತ ಕೇಳಿದ್ಲು.”

ಬಾಗಿಲಲ್ಲಿ ಸದ್ದಾಯಿತು. ನಾಲ್ಕು ವರ್ಷದಿಂದ ಆ ಕೋಣೆಯ ಹೊಸಿಲು ತುಳಿಯದ ಗುರುಶಾಂತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

“ಯಾರ ಮಗನಪ್ಪಾ ನೀನು?”

“ಮುದ್ದಪ್ಪನ ಮಗ ಅಜ್ಜಿ. ಕರೇಕಲ್ಲು ಸ್ಟೇಷನ್ ಮುದ್ದಪ್ಪ.”

“ನಿಮ್ಮವ್ವ ಇದಾಳಾ? ಹುಲಿಯಮ್ಮ?”

“ಇದಾಳೆ ಅಜ್ಜಿ.”

“ಮಲ್ಲಿ, ಇವ್ರಿಗೆ ಒಳಗೆ ಎಲೆ ಹಾಕು,” ಎಂದರು ಗುರುಶಾಂತಮ್ಮ. “ಅವರಪ್ಪ ನನ್ನ ಮಗೂನ ಹೊತ್ಕೊಂಡು ಬಂದು ಅಂಗಳದ ಆಚೆ ನಿಂತಿದ್ದ. ನಾನು ಒಳಗೆ ಕರೀಲಿಲ್ಲ, ಒಂದು ಲೋಟ ನೀರೂ ಕೊಡ್ಲಿಲ್ಲ.”

ಕಾಂತರಾಜು ಊಟ ಮಾಡಿ, ಕಡೂರಿಗೆ ಬನ್ನಿ ಎಂದು ಕರೆದು ಹೋದರು. ಅವರು ಹೋದ ಮೇಲೆ ಮಲ್ಲಿಕಾಂಬ ನಡುಮನೆಯ ಬಾಗಿಲು ಮುಂದೆ ಮಾಡಿ ಅತ್ತೆಯ ಎದುರು ಕೂತಳು. ಓಂಕಾರೇಶ್ ಕಂಬಕ್ಕೆ ಒರಗಿದ್ದ. ಅಶ್ವಿನಿ ಮಂಚದ ಮೇಲೆ ದಿಂಬು ತಬ್ಬಿಕೊಂಡಿದ್ದಳು.

“ಅತ್ತೆ, ಇವ್ರಿಗೆ ಸೋದರತ್ತೆ ಇದ್ರಾ?”

ಗುರುಶಾಂತಮ್ಮ ಕೈಬೆರಳು ಹಿಸುಕಿಕೊಂಡರು.

“ಇದ್ಲು ಕಣೇ. ಉಚ್ಚಂಗಮ್ಮ ಅಂತ. ಇವ್ರಪ್ಪನ ತಂಗಿ. ನನಗಿಂತ ಆರೇಳು ವರ್ಷ ಚಿಕ್ಕವಳು. ಓದೋದ್ರಲ್ಲಿ ಬಲು ಚುರುಕು. ಮೈಸೂರಲ್ಲಿ ನರ್ಸ್ ಟ್ರೈನಿಂಗಿಗೆ ಸೀಟು ಬಂದಿತ್ತು. ಇವ್ರಪ್ಪ ಬೇಡ ಅಂತ ಹೊಸದುರ್ಗದ ಕಡೆಯ ಎರಡನೇ ಸಂಬಂಧಕ್ಕೆ ಗೊತ್ತುಮಾಡಿದ್ರು. ಗಂಡಿಗೆ ಅವಳಷ್ಟು ದೊಡ್ಡ ಮಗಳಿದ್ಲು. ಅವಳು ನನ್ನ ಕಾಲು ಹಿಡ್ಕೊಂಡು ಅತ್ತಳು. ಖರ್ಚಿಗಿರಲಿ ಅಂತ ನಾನು ನನ್ನ ಕಿವಿ ಓಲೆ ಬಿಚ್ಚಿಕೊಟ್ಟೆ. ಹೋಗೇ ತಾಯಿ ಅಂದೆ.”

“ಹೆಂಗೆ ಹೋದ್ರು ಅಜ್ಜಿ?” ಅಶ್ವಿನಿ ಕೇಳಿದಳು.

“ಒಬ್ಬಳೇ ಹೊರಟ್ರೆ ಅನುಮಾನ ಬತ್ತದೆ ಅಂತ ಇವನ್ನ ಕಂಕುಳಿಗೆ ಕೊಟ್ಟೆ. ಆಗ ನಾಕು ವರ್ಷ ಇವನಿಗೆ, ಮೊಲೆ ಕುಡಿಯೋ ಮಗು ಅಂತ ಇವ್ರಪ್ಪ ಹೇಳ್ತಿದ್ದದ್ದು ಸುಳ್ಳು. ಮಗೂಗೆ ರೈಲು ತೋರಿಸ್ಕೊಂಡು ಬತ್ತೀನಿ ಅಂತ ಹೇಳಿ ಹೋಗೋದು, ರೈಲು ಬಂದಾಗ ಮುದ್ದಪ್ಪನ ಕೈಗೆ ಮಗು ಕೊಟ್ಟು ಹತ್ತೋದು, ಅಂತ ಮಾತಾಗಿತ್ತು. ಮುದ್ದಪ್ಪ ಕತ್ತಲಾದ್ಮೇಲೆ ತಂದು ಬಿಟ್ಟ. ಮಗು ಬೆಂಚಿನ ಮೇಲೆ ಒಂದೇ ಇತ್ತು ಅಂದ. ಅಷ್ಟೇ ಹೇಳಿದ್ದು ಅವನು. ಇವನಿಗೆ ಕೆಂಡದಂಥ ಜ್ವರ. ಜ್ವರ ಬಿಟ್ಮೇಲೂ ಮಾತಿಲ್ಲ. ಮುಂದಿನ ಸುಗ್ಗಿವರೆಗೂ ಒಂದು ಮಾತಾಡ್ಲಿಲ್ಲ ಇವನು.”

ಓಂಕಾರೇಶ್ ಬಂದು ತಾಯಿಯ ಹತ್ತಿರ ಕೂತ.

“ಇವ್ರಪ್ಪ ತಂಗಿ ಕಾಮಾಲೆಯಾಗಿ ನೆಂಟರ ಮನೇಲಿ ಸತ್ಲು ಅಂತ ಊರಿಗೆ ಹೇಳಿದ್ರು. ಯಾರೂ ನಂಬ್ಲಿಲ್ಲ. ಅದಕ್ಕೇ ಊರು ಬಿಟ್ವಿ. ಅವಳ ಹೆಸರೆತ್ತಬಾರದು ಅಂತ ನನ್ನ ಕೈಲಿ ಭಾಷೆ ತಗೊಂಡ್ರು. ನಾನೂ ಎತ್ತಲಿಲ್ಲ.” ಗುರುಶಾಂತಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಎತ್ತೋಕೆ ಮನಸ್ಸೂ ಬರ್ಲಿಲ್ಲ ಕಣೋ. ನಿನ್ನ ಒಂಟಿ ಬಿಟ್ಟು ರೈಲು ಹತ್ತಿದ್ಲಲ್ಲ ಅಂತ ಶಾಪ ಹಾಕಿದ್ದೆ. ಅವಳು ಸೇರೋ ಊರು ಸೇರಬಾರದು ಅಂದಿದ್ದೆ. ಕಾಗದ ಬರೀತೀನಿ ಅಂದಿದ್ಲು. ಒಂದೂ ಬರ್ಲಿಲ್ಲ. ಶಾಪ ತಟ್ಟಿರಬೇಕು.”

ಆಮೇಲೆ ಮಗನ ಕಡೆ ತಿರುಗಿ ಹೇಳಿದರು: “ಅವತ್ತು ಅವಳು ಉಟ್ಟಿದ್ದು ಹಸಿರು ಸೀರೆ. ನೀನು ಅವಳನ್ನ ಅಲ್ಲಿ ಹಳಿ ಮೇಲೆ ನಿಲ್ಲಿಸಿದೀಯ ಅಂತ ಅಶ್ವಿನಿ ಹೇಳಿದ್ಲು. ರೈಲಿನ ಬಾಗಿಲಲ್ಲಿ ಅಲ್ಲ, ಹಳಿ ಮೇಲೆ. ಯಾಕೋ? ಏನು ನೋಡಿದ್ಯೋ ನೀನು?”

“ನಂಗೊತ್ತಿಲ್ಲ ಅವ್ವ,” ಎಂದ ಓಂಕಾರೇಶ್. “ನಂಗೇನೂ ನೆನಪಿಲ್ಲ. ಕೈ ತಾನಾಗೇ ಇಡುತ್ತೆ.”

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಜಗಳವೇ ಇರಲಿಲ್ಲ. ಅದು ಮಲ್ಲಿಕಾಂಬನಿಗೆ ಜಗಳಕ್ಕಿಂತ ಭಾರವಾಯಿತು. ಓಂಕಾರೇಶ್ ಕೋಣೆಗೂ ಹೋಗಲಿಲ್ಲ, ಅಂಗಡಿಯಲ್ಲೂ ನಿಲ್ಲಲಿಲ್ಲ. ಬಿಚ್ಚಿಟ್ಟ ಮೋಟಾರುಗಳು ಬಿಚ್ಚಿದ ಹಾಗೆಯೇ ಬಿದ್ದಿದ್ದವು. ಅತ್ತೆ ಎರಡು ತುತ್ತಿಗೆ ಸಾಕು ಎನ್ನುತ್ತಿದ್ದರು. ಅಶ್ವಿನಿ ಬಚ್ಚಲಿಗೆ ಹೋಗುವಾಗ ಆ ಬಾಗಿಲಿನ ಮುಂದೆ ಹೆಜ್ಜೆ ಬೇಗ ಹಾಕುತ್ತಿದ್ದಳು. ಹಲಗೆಯ ಮೇಲೆ ರೈಲು ನಿಂತೇ ಇದ್ದರೂ ಒಮ್ಮೊಮ್ಮೆ ಹಳಿ ತಣ್ಣಗಾಗುವಾಗ ಬರುವಂಥ ಟಿಕ್ ಟಿಕ್ ಸದ್ದು ಬಾಗಿಲಾಚೆಯಿಂದ ಬರುತ್ತಿತ್ತು. ಇಲಿ ಇರಬೇಕು ಎಂದು ಮಲ್ಲಿಕಾಂಬ ಜೋರಾಗಿ ಹೇಳಿದಳು, ಎಲ್ಲರಿಗೂ ಕೇಳುವಂತೆ. ಬೋನು ಇಟ್ಟಳು. ಇಲಿ ಬೀಳಲಿಲ್ಲ.

ಕೊನೆಗೆ ಅವಳೇ ಗಂಡನ ಅಂಗಿ ಇಸ್ತ್ರಿ ಮಾಡಿ ಮುಂದೆ ಹಿಡಿದಳು. “ನಡೀರಿ ಕಡೂರಿಗೆ. ಈ ಮನೇಲಿ ಒಂದು ಮಗು ಹುಟ್ಟಬೇಕು. ಅದಕ್ಕೆ ಮುಂಚೆ ಅದೇನು ಅಂತ ಗೊತ್ತಾಗ್ಲಿ.”

ಹುಲಿಯಮ್ಮ ಕಾಂತರಾಜುವಿನ ಮನೆಯ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಓಂಕಾರೇಶನನ್ನು ಹತ್ತಿರ ಕೂರಿಸಿಕೊಂಡು, ಅವನ ಮುಖವನ್ನು ಮುಟ್ಟಿ ನೋಡಿ, “ಮಾತು ಬಂತೇನಪ್ಪಾ ನಿಂಗೆ?” ಎಂದರು.

“ಬಂತವ್ವ.”

“ಅವತ್ತು ಅತ್ತೂ ಅತ್ತೂ ದನಿ ಹೋಗಿತ್ತು.”

“ಇವ್ರ ಅತ್ತೆ ರೈಲು ಹತ್ತಿದ್ರಾ ಹುಲಿಯಮ್ಮ?” ಮಲ್ಲಿಕಾಂಬ ಕೇಳಿದಳು.

“ಹತ್ತಿದ್ಲು. ನಮ್ಮೆಜಮಾನ್ರು ಆಚೆ ಸಿಗ್ನಲ್ ಹತ್ರ ಹೋಗಿದ್ರು, ಬರೋದು ತಡ ಆಯ್ತು. ರೈಲು ಬಂದೇಬಿಡ್ತು. ಮಗು ಬೆಂಚಿನ ಮೇಲೆ ನಿದ್ದೆ ಹೋಗಿತ್ತು. ಈಗ ಬರ್ತಾರೆ, ನೋಡ್ಕೊತಾರೆ ಅಂತ ಹತ್ತಿದ್ಲು. ರೈಲು ಹೊರಡ್ತು. ಆ ಸದ್ದಿಗೆ ಮಗು ಎದ್ದು ಕಿಟಾರ್ ಅಂತ ಕಿರುಚಿಕೊಂಡ್ತು. ಒಲೆ ಮುಂದೆ ಇದ್ದ ನಂಗೇ ಕೇಳಿಸ್ತು, ರೈಲಲ್ಲಿದ್ದ ಅವಳಿಗೆ ಕೇಳಿಸ್ದೇ ಇರುತ್ತಾ?”

ಹುಲಿಯಮ್ಮ ಓಂಕಾರೇಶನ ಕಡೆ ತಿರುಗಿದರು.

“ಹಾರಿಬಿಟ್ಲು. ಓಡೋ ರೈಲಿಂದ. ಪ್ಲಾಟ್‌ಫಾರಂ ಇಳಿಜಾರಲ್ಲಿ ಉರುಳಿಕೊಂಡು ಬಿದ್ಲು. ಮಂಡಿ ಎಲ್ಲ ತರಚಿ, ಹಸಿರು ಸೀರೆ ಹರಿದು, ಕುಂಟ್ಕೊಂಡು ಬಂದು ಮಗೂನ ಎತ್ಕೊಂಡ್ಲು.”

ಓಂಕಾರೇಶ್ ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡ. ಮೂರು ದಶಕದ ಸಂಸಾರದಲ್ಲಿ ಪರರ ಮುಂದೆ ಅವನು ಹಾಗೆ ಹಿಡಿದದ್ದು ಅದೇ ಮೊದಲು.

“ನಮ್ಮನೆಗೆ ಕರ್ಕೊಂಡು ಬಂದ್ಲು. ಮಗು ನೀರು ನೀರು ಅಂತಿತ್ತು. ನಾನು ಕೊಡ್ಲಿಲ್ಲ ಕಣಪ್ಪಾ. ನಮ್ಮನೆ ನೀರು ಕುಡಿಸಿದ್ರೆ ನಾಳೆ ನಿಮ್ಮೋರು ಏನು ಮಾಡ್ತಾರೋ ಅಂತ ಹೆದರ್ಕೊಂಡೆ. ಅವಳೇ ನಮ್ಮ ಮಡಕೆಯಿಂದ ಬಗ್ಗಿಸ್ಕೊಂಡು ನಿಂಗೆ ಕುಡಿಸಿ, ತಾನೂ ಕುಡಿದ್ಲು. ತೊಡೆ ಮೇಲೆ ಹಾಕ್ಕೊಂಡು ತಟ್ಟಿದ್ಲು. ಬೆಳಗಿನವರೆಗೂ ಇನ್ನೊಂದು ರೈಲಿಲ್ಲ. ಅಷ್ಟರಲ್ಲಿ ಅಣ್ಣ ಹುಡುಕ್ಕೊಂಡು ಬಂದೇ ಬರ್ತಾನೆ. ನಮ್ಮೆಜಮಾನ್ರು ಬಂದ್ಮೇಲೆ ಮಗೂನ ಅವರ ಕೈಗೆ ಕೊಟ್ಟು, ನಾನು ತಿರುಗಿ ಬಂದಿದ್ದೆ ಅಂತ ಯಾರಿಗೂ ಹೇಳ್ಬ್ಯಾಡಿ, ರೈಲಲ್ಲಿ ಹೋದ್ಲು ಅನ್ಕೊಳ್ಲಿ, ಅಂತ ಪ್ರಮಾಣ ಮಾಡಿಸ್ಕೊಂಡ್ಲು. ಹಳಿ ಹಿಡ್ಕೊಂಡು ಬೀರೂರ ಕಡೆ ನಡೆದುಬಿಟ್ಲು. ಹೊತ್ತು ಮುಳುಗ್ತಿತ್ತು. ನೀನು ಎದ್ದು ನಮ್ಮೆಜಮಾನ್ರ ಹೆಗಲ ಮೇಲಿಂದ ನೋಡ್ತಿದ್ದೆ. ಕೂಗ್ದೆ. ಅವಳು ತಿರುಗಲಿಲ್ಲ. ತಿರುಗಿದ್ರೆ ಹೋಗೋಕೆ ಆಗ್ತಿರ್ಲಿಲ್ಲ ಅವಳ ಕೈಲಿ.”

“ಆಮೇಲೆ?” ಮಲ್ಲಿಕಾಂಬ ಕೇಳಿದಳು.

“ಆಮೇಲೆ ಗೊತ್ತಿಲ್ಲ ತಾಯಿ. ಮಾರನೇ ದಿನ ಇವರು ಬೀರೂರಿನ ತನಕ ಹಳಿ ಉದ್ದಕ್ಕೂ ನಡೆದು ನೋಡಿ ಬಂದ್ರು. ಪೊದೆ, ಮೋರಿ ಎಲ್ಲ ನೋಡಿದ್ರು. ಏನೂ ಸಿಗ್ಲಿಲ್ಲ. ಸಿಗದೇ ಇದ್ದದ್ದೇ ಒಳ್ಳೇದು ಕಣೇ ಅಂದ್ರು. ಸಾಯೋವರೆಗೂ ಅದೇ ಮಾತು.”

ವಾಪಸು ಬರುವ ಬಸ್ಸಿನಲ್ಲಿ ಓಂಕಾರೇಶ್ ಕಿಟಕಿಯ ಪಕ್ಕ ಕೂತು ಉದ್ದಕ್ಕೂ ಅತ್ತ. ಜನ ನೋಡಲಿ ಬಿಡಲಿ, ಮಲ್ಲಿಕಾಂಬ ತಡೆಯಲಿಲ್ಲ.

ಗುರುಶಾಂತಮ್ಮನಿಗೆ ಅವನೇ ಹೇಳಿದ. ಕಾಲಬುಡದಲ್ಲಿ ಕೂತು, ಹುಲಿಯಮ್ಮ ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ. ಅವರು ಕೇಳುತ್ತ ಕೇಳುತ್ತ ಚಿಕ್ಕವರಾದಂತೆ ಕಂಡರು.

“ಮತ್ತೆ ಬಂದ್ಲಾ? ನಿನ್ನ ಎತ್ಕೊಂಡ್ಲಾ?”

“ಎತ್ಕೊಂಡ್ರಂತೆ ಅವ್ವ. ನೀರು ಕುಡಿಸಿದ್ರಂತೆ.”

“ಅಯ್ಯೋ, ನಾನು ಶಾಪ ಹಾಕಿದ್ನಲ್ಲೋ. ಕುಂಟ್ಕೊಂಡು ಹೋಗ್ತಿದ್ದವಳಿಗೆ ನಾನು ಶಾಪ ಹಾಕಿದ್ನಲ್ಲೋ!”

ಅಶ್ವಿನಿ ಎದ್ದು ಬಂದು ಅಜ್ಜಿಯ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನ ಮಗು ಒದೆಯಿತೋ ಏನೋ, ಅಜ್ಜಿಯ ಅಳು ನಡುವೆಯೇ ನಿಂತಿತು.

ಮಾರನೇ ದಿನ ಮಲ್ಲಿಕಾಂಬ ಏಳುವಷ್ಟರಲ್ಲಿ ಕೋಣೆಯಿಂದ ಸ್ಕ್ರೂ ಬಿಚ್ಚುವ ಸದ್ದು ಬರುತ್ತಿತ್ತು. ಹಲಗೆಗಳನ್ನು ಬೇರೆ ಮಾಡಿ, ಹಳಿ ಸುತ್ತಿಟ್ಟು, ಸ್ಟೇಷನ್ನನ್ನು ಹಳೆಯ ಸೀರೆಯಲ್ಲಿ ಕಟ್ಟಿ, ಓಂಕಾರೇಶ್ ಒಂದೊಂದಾಗಿ ಅಂಗಡಿಯ ಅಟ್ಟಕ್ಕೆ ಸಾಗಿಸಿದ. “ಬೇಕಾದಾಗ ಮತ್ತೆ ಜೋಡಿಸ್ತೀನಿ,” ಎಂದ. ಹಸಿರು ಸೀರೆಯ ಬೊಂಬೆ ಎಲ್ಲಿ ಎಂದು ಅವಳು ಕೇಳಿದಳು. ಅವನು ಎಲ್ಲ ಪೆಟ್ಟಿಗೆ ತೆಗೆದು ನೋಡಿದ, ಅಂಗಿಯ ಜೇಬು ನೋಡಿದ. ಕೋಣೆ ಗುಡಿಸಿ, ಸಾರಿಸಿ, ಸುಣ್ಣ ಬಳಿದರೂ ಅದು ಸಿಗಲಿಲ್ಲ. ಅಶ್ವಿನಿಯ ಮಂಚ ಒಳಗೆ ಹೋಯಿತು.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರ ಹಬ್ಬದ ದಿನ ಗಂಗಾಧರಯ್ಯನವರ ಫೋಟೊದ ಮುಂದೆ ಎಡೆ ಇಡುವುದು ವಾಡಿಕೆ. ಮಲ್ಲಿಕಾಂಬ ಬೆಳಗಿನಿಂದ ಬೇಳೆ ಬೇಯಿಸಿ ಹೂರಣ ರುಬ್ಬಿದ್ದಳು. ಸಂಜೆ ದೀಪ ಹಚ್ಚಿ, ಮಾವನವರ ಎಲೆ ಹಾಕಿ, ಇನ್ನೊಂದು ಎಲೆ ಕೈಯಲ್ಲಿ ಹಿಡಿದು ಅತ್ತೆಯ ಕಡೆ ತಿರುಗಿದಳು. ಕೇಳಲು ಅವಳಿಗೂ ಧೈರ್ಯ ಸಾಲದು. ಆದರೆ ಆ ಮನೆಯಲ್ಲಿ ಇನ್ನು ಕೇಳದೆ ಇರುವಂತಿರಲಿಲ್ಲ.

“ಅತ್ತೆ, ಅವರಿಗೂ ಒಂದು ಎಡೆ ಇಡ್ಲಾ?”

ಓಂಕಾರೇಶ್ ಊದುಬತ್ತಿ ಹಚ್ಚುತ್ತಿದ್ದವನು ಹಾಗೆಯೇ ನಿಂತ. ಗುರುಶಾಂತಮ್ಮ ಗಂಡನ ಫೋಟೊ ನೋಡಿದರು. ಆಮೇಲೆ ಬೀದಿಬಾಗಿಲ ಕಡೆ ನೋಡಿದರು. ಹೊರಗೆ ಅಮಾವಾಸ್ಯೆಯ ಕತ್ತಲು ಇಳಿಯುತ್ತಿತ್ತು.

“ಬ್ಯಾಡ,” ಎಂದರು. “ಎಡೆ ಸತ್ತೋರಿಗೆ. ಅವಳಿಗೆ ಊಟಕ್ಕೆ ಹಾಕು. ನನ್ನ ಪಕ್ಕ.”

ಮಲ್ಲಿಕಾಂಬ ಎಲೆಯನ್ನು ಮಡಚಿಟ್ಟು, ಮನೆಯವರು ಉಣ್ಣುವ ಸ್ಟೀಲಿನ ತಟ್ಟೆಯೊಂದನ್ನು ತಂದು ಅತ್ತೆಯ ಎಡಗಡೆ ಇಟ್ಟಳು. ಒಂದು ಲೋಟ ನೀರು ಇಟ್ಟಳು. ಹೋಳಿಗೆ, ತುಪ್ಪ, ಕೋಸಂಬರಿ, ಅನ್ನ, ಎಲ್ಲವನ್ನೂ ಮನೆಯವರಿಗೆ ಬಡಿಸಿದಷ್ಟೇ ಬಡಿಸಿದಳು. ಓಂಕಾರೇಶ್ ಯಾರೂ ಹೇಳದೆ ಎದ್ದು ಹೋಗಿ ಬೀದಿಬಾಗಿಲಿನ ಅಗುಳಿ ತೆಗೆದು ಬಂದು ಕೂತ.

ಎಲ್ಲರೂ ತಲೆ ತಗ್ಗಿಸಿ ಉಂಡರು. ದೂರದಲ್ಲಿ ಬೀರೂರ ಕಡೆಯಿಂದ ಬರುವ ರೈಲು ಕೂಗಿತು; ನಿಜವಾದ ರೈಲೇ, ಆ ಹೊತ್ತಿನ ಗಾಡಿಯೇ. ಸದ್ದು ಹತ್ತಿರವಾಗಿ, ಅಜ್ಜಂಪುರ ಸ್ಟೇಷನ್ನಿನಲ್ಲಿ ನಿಂತು, ಮತ್ತೆ ಹೊರಟಿತು. ರೈಲಿಳಿದ ಒಬ್ಬಿಬ್ಬರು ಬ್ಯಾಗು ಹಿಡಿದು ಬೀದಿಯಲ್ಲಿ ನಡೆದು ಹೋದರು. ಒಂದು ಜೊತೆ ಹೆಜ್ಜೆ ಅವರ ಮನೆಯ ಮುಂದೆ ತುಸು ನಿಧಾನವಾದಂತೆ, ಒಂದು ಕಾಲು ಎಳೆದು ಹಾಕಿದಂತೆ ಕೇಳಿಸಿತು. ಅಶ್ವಿನಿ ತಾಯಿಯ ಮುಖ ನೋಡಿದಳು. ಯಾರೂ ತುತ್ತು ಎತ್ತಲಿಲ್ಲ. ಹೆಜ್ಜೆ ಮುಂದಕ್ಕೆ ಹೋಯಿತು.

“ಉಣ್ರೋ,” ಎಂದರು ಗುರುಶಾಂತಮ್ಮ.

ಮಲ್ಲಿಕಾಂಬ ಎದ್ದು, ಹೋಳಿಗೆ ಆರದಿರಲೆಂದು, ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು.